ಮೊದಲು ಟ್ಯಾಪೆಟ್, ಕೊನೆಗೆ ಕಾರ್ಬ್ಯುರೇಟರ್: ಎಂಜಿಬಿ ಜೊತೆ ನನ್ನ ಅನುಭವ

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ತಡವರಿಸತೊಡಗಿತೆಂದರೆ ಎಲ್ಲರ ಕೈಯೂ ಮೊದಲು ಹೋಗುವುದು ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬ್ಯುರೇಟರಿನ ಮೇಲೆ. ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುತ್ತದೆ, ತಿರುಗಿಸಲು ಸ್ಕ್ರೂಗಳೂ ಕೈಗೆ ಸಿಗುತ್ತವೆ. ನನ್ನ 1969ರ ಎಂಜಿಬಿಯನ್ನು ಮನೆಯ ಗ್ಯಾರೇಜಿನಲ್ಲಿ ನಾನೇ ನೋಡಿಕೊಳ್ಳುತ್ತಾ ಬಂದಿದ್ದೇನೆ. ಇಷ್ಟು ವರ್ಷಗಳಲ್ಲಿ ಚೆನ್ನಾಗಿ ಮನದಟ್ಟಾಗಿರುವುದು ಒಂದೇ: ಕಾರ್ಬ್ಯುರೇಟರಿನ ಸರದಿ ಎಲ್ಲಕ್ಕಿಂತ ಕೊನೆಗೆ. ಮೊದಲು ಟ್ಯಾಪೆಟ್ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಅಂತರ), ಆಮೇಲೆ ಪಾಯಿಂಟ್ (ತೆರೆದು ಮುಚ್ಚುತ್ತಾ ಕಿಡಿ ಹುಟ್ಟಿಸುವ ಸ್ವಿಚ್ಚು), ಅದಾದ ಮೇಲೆ ಟೈಮಿಂಗ್ (ಕಿಡಿ ಹಾರಬೇಕಾದ ಕ್ಷಣ). ಈ ಮೂರೂ ಸರಿಯಿವೆ ಎಂದು ಖಾತ್ರಿಯಾಗುವವರೆಗೆ ಮಿಶ್ರಣದ ನಟ್ಟನ್ನು ಮುಟ್ಟಬಾರದು. ಕಿಡಿ ದುರ್ಬಲವಾಗಿರುವ ಎಂಜಿನ್ನೂ ಪೆಟ್ರೋಲ್ ಸಾಲದ ಎಂಜಿನ್ನೂ ಮಿಸ್ ಹೊಡೆಯುವ ರೀತಿ ಬಹುಮಟ್ಟಿಗೆ ಒಂದೇ. ಕಿಡಿಯ ದೋಷಕ್ಕೆ ಪೆಟ್ರೋಲ್ ಹೆಚ್ಚಿಸಿದರೆ ಒಂದಿದ್ದ ದೋಷ ಎರಡಾಗುತ್ತದೆ.

ನಾನಿರುವುದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ. 1962ರಿಂದ 1980ರವರೆಗೆ ಎಂಜಿಬಿಗಳು ತಯಾರಾದ ಆಬಿಂಗ್ಡನ್ ಇದೇ ಕೌಂಟಿಯಲ್ಲಿದೆ. ಕಾರ್ಖಾನೆ ಮುಚ್ಚಿ ದಶಕಗಳೇ ಕಳೆದರೂ ಬಿಡಿಭಾಗಗಳಿಗೆ ಇಂದಿಗೂ ಬರವಿಲ್ಲ. ಇಡೀ ಬಾಡಿಯನ್ನೇ ಹಳೆಯ ಅಚ್ಚುಗಳಿಂದ ಹೊಸದಾಗಿ ಒತ್ತಿ ಕೊಡುವ ವ್ಯವಸ್ಥೆ 1988ರಲ್ಲೇ ಶುರುವಾಯಿತು. ಮನೆಯಲ್ಲೇ ಕೆಲಸ ಮಾಡಿಕೊಳ್ಳಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಕಾರು ನನಗೆ ಗೊತ್ತಿಲ್ಲ.

ಇದನ್ನು ಕೊಳ್ಳುವ ಧೈರ್ಯ ಬಂದದ್ದಕ್ಕೆ ಇನ್ನೊಂದು ಕಾರಣವಿದೆ. 1798 ಸಿಸಿಯ ಈ ಎಂಜಿನ್ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್ ವಂಶದ್ದು. ನಮ್ಮ ಅಂಬಾಸಡರಿನಲ್ಲಿ ದಶಕಗಳ ಕಾಲ ದುಡಿದ 1489 ಸಿಸಿಯ ಪೆಟ್ರೋಲ್ ಎಂಜಿನ್ ಇದರ ಅಣ್ಣ. ಅರಸೀಕೆರೆಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ನನ್ನ ಸೋದರಮಾವ ಅಂಬಾಸಡರಿನ ಟ್ಯಾಪೆಟ್ ಕವರ್ ಬಿಚ್ಚುವುದನ್ನು ಪಕ್ಕದಲ್ಲಿ ನಿಂತು ನೋಡಿಯೇ ನಾನು ಬೆಳೆದದ್ದು. ಎಂಜಿಬಿಯ ಕವರ್ ಬಿಚ್ಚಿದಾಗ ಒಳಗೆ ಕಂಡದ್ದು ಅದೇ ಎಂಟು ರಾಕರ್‌ಗಳ ಸಾಲು. ವಿಡಿಯೊ ಕರೆಯಲ್ಲಿ ಎಂಜಿನ್ ಸದ್ದು ಕೇಳಿಸಿದಾಗ ಮಾವ ಹೇಳಿದರು: “ಟ್ಯಾಪೆಟ್ ಸ್ವಲ್ಪ ಸದ್ದು ಮಾಡಿದರೆ ಮಾಡಲಿ ಬಿಡಮ್ಮ. ಪೂರ್ತಿ ಸುಮ್ಮನಾದರೆ ಆಗ ತಕ್ಷಣ ಕವರ್ ಬಿಚ್ಚಿ ನೋಡು.” ಮಾತು ಅಕ್ಷರಶಃ ನಿಜ. ಅಂತರ ಕಡಿಮೆಯಾದರೆ ವಾಲ್ವ್ ತನ್ನ ಪೀಠದ ಮೇಲೆ ಪೂರ್ತಿ ಕೂರುವುದಿಲ್ಲ. ವಾಲ್ವಿನ ಬಿಸಿ ಸಿಲಿಂಡರ್ ಹೆಡ್ಡಿಗೆ ಇಳಿದು ಹೋಗುವುದು ಆ ಪೀಠದ ಮೂಲಕವೇ. ಕೂರದ ವಾಲ್ವ್, ಅದರಲ್ಲೂ ಎಕ್ಸಾಸ್ಟ್ ವಾಲ್ವ್, ಅಂಚಿನಲ್ಲಿ ಸುಟ್ಟುಹೋಗುತ್ತದೆ.

ಅಂತರ 15 ಥೌ (ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ), ಅಂದರೆ 0.38 ಮಿಲಿಮೀಟರ್, ಎಂಜಿನ್ ತಣ್ಣಗಿರುವಾಗ. ರಾತ್ರಿ ನಿಲ್ಲಿಸಿದ ಕಾರಿಗೆ ಬೆಳಿಗ್ಗೆ ಕೈಹಾಕುವುದು ನನ್ನ ರೂಢಿ. ನಾಲ್ಕೂ ಪ್ಲಗ್ ತೆಗೆದು, ಸಮತಟ್ಟಾದ ಜಾಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಕಾರನ್ನು ಸ್ವಲ್ಪ ಸ್ವಲ್ಪವೇ ತಳ್ಳಿದರೆ ಎಂಜಿನ್ ನಮಗೆ ಬೇಕಾದಷ್ಟೇ ತಿರುಗುತ್ತದೆ. ವಾಲ್ವ್‌ಗಳನ್ನು ಮುಂದಿನಿಂದ ಒಂದರಿಂದ ಎಂಟರವರೆಗೆ ಎಣಿಸಿಕೊಳ್ಳಬೇಕು. ಯಾವುದು ಪೂರ್ತಿ ಕೆಳಗೆ ಒತ್ತಿಕೊಂಡಿದೆಯೋ ಅದರ ಸಂಖ್ಯೆಯನ್ನು ಒಂಬತ್ತರಿಂದ ಕಳೆದರೆ ಈಗ ಅಳೆಯಬೇಕಾದ ವಾಲ್ವ್ ಸಿಗುತ್ತದೆ: ಎಂಟು ಕೆಳಗಿದ್ದರೆ ಒಂದು, ಆರು ಕೆಳಗಿದ್ದರೆ ಮೂರು. ಫೀಲರ್ ಗೇಜಿನ ಎಲೆ ಸಲೀಸಾಗಿ ಜಾರಬಾರದು, ಸಿಕ್ಕಿಕೊಳ್ಳಲೂಬಾರದು, ಎಣ್ಣೆ ಸವರಿದ ಎಲೆ ತುಸು ಎಳೆದಂತೆ ಬರಬೇಕು. ರಾಕರಿನ ಮೂತಿ ಸವೆದು ಚಿಕ್ಕ ಗುಳಿ ಬಿದ್ದಿದ್ದರೆ ಎಲೆ ಆ ಗುಳಿಯ ಮೇಲೆ ಹಾದುಹೋಗಿಬಿಡುತ್ತದೆ, ಗೇಜ್ ತೋರಿಸುವುದಕ್ಕಿಂತ ನಿಜವಾದ ಅಂತರ ಹೆಚ್ಚಿರುತ್ತದೆ. ಅಳತೆ ಸರಿಯಿದ್ದೂ ಒಂದು ರಾಕರ್ ಟಕಟಕ ಎನ್ನುತ್ತಿದ್ದರೆ ನಾನು ಮೊದಲು ನೋಡುವುದು ಇದನ್ನೇ.

ಅದೇ 15 ಥೌ ಎಲೆ ಪಾಯಿಂಟಿಗೂ ಆಗುತ್ತದೆ, ಏಕೆಂದರೆ ಕೈಪಿಡಿ ಹೇಳುವ ಅಂತರ 14ರಿಂದ 16 ಥೌ. ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಲೂಕಾಸ್ 25ಡಿ4 ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪಾಯಿಂಟಿನ ಹಿಮ್ಮಡಿ ಕ್ಯಾಮಿನ ತುದಿಯ ಮೇಲೆ ಬರುವಂತೆ ಎಂಜಿನ್ ತಿರುಗಿಸಿ ಅಳೆಯಬೇಕು. ಅಲ್ಲಿಗೇ ನಿಲ್ಲಿಸಿ ಮುಚ್ಚಳ ಹಾಕಿಬಿಡುವವರೇ ಹೆಚ್ಚು. ನನ್ನ ವಿನಂತಿ, ಇನ್ನೂ ಸ್ವಲ್ಪ ಹೊತ್ತು ಟಾರ್ಚ್ ಹಿಡಿದು ಒಳಗೆ ನೋಡಿ. ಪಾಯಿಂಟ್ ಕೂತಿರುವ ತಟ್ಟೆ ಸ್ಥಿರವಾದುದಲ್ಲ. ಎಂಜಿನ್ನಿನ ಸೆಳೆತ (ವ್ಯಾಕ್ಯೂಮ್) ಹೆಚ್ಚು ಕಡಿಮೆಯಾದಂತೆ ಅದು ಹಿಂದೆ ಮುಂದೆ ತಿರುಗುತ್ತದೆ. ಆ ತಟ್ಟೆಗೆ ಅರ್ತ್ ಕೊಡುವ ಗಿಡ್ಡ ತಂತಿ, ಪಾಯಿಂಟಿಗೆ ವಿದ್ಯುತ್ ತರುವ ಇನ್ನೊಂದು ತಂತಿ, ಎರಡೂ ಪ್ರತಿ ಸಲ ಜೊತೆಯಲ್ಲೇ ಬಾಗುತ್ತವೆ. ಬಾಗಿ ಬಾಗಿ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿದುಹೋಗುತ್ತವೆ, ಮೇಲಿನ ಹೊದಿಕೆ ಮಾತ್ರ ಹಾಗೆಯೇ ಇರುತ್ತದೆ. ನಿಂತ ಕಾರಿನಲ್ಲಿ ಎಲ್ಲವೂ ಸರಿ, ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಮಿಸ್. ಕಾರ್ಬ್ಯುರೇಟರ್ ಪೆಟ್ರೋಲ್ ಕೊಡುತ್ತಿಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ತಂತಿಯನ್ನು ಎರಡೂ ತುದಿಯಲ್ಲಿ ಹಿಡಿದು ಮೆಲ್ಲಗೆ ಎಳೆದಾಗ ರಬ್ಬರಿನಂತೆ ಹಿಗ್ಗಿದರೆ ಒಳಗೆ ತಾಮ್ರ ಉಳಿದಿಲ್ಲವೆಂದೇ ಅರ್ಥ. ಇದರ ಬೆಲೆ ಒಂದು ಕಾಫಿಯಷ್ಟೂ ಇಲ್ಲ. ಇಷ್ಟು ಸಣ್ಣ ಭಾಗಕ್ಕಾಗಿ ಎಷ್ಟೋ ಕಾರುಗಳ ಕಾರ್ಬ್ಯುರೇಟರುಗಳನ್ನು ಕಳಚಿ ಹಾಕಲಾಗಿದೆ ಎಂದು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮುಚ್ಚಳದೊಳಗೆ ತಿರುಗುತ್ತಾ ಕಿಡಿಯನ್ನು ಹಂಚುವ ರೋಟರ್ ಆರ್ಮನ್ನೂ ಅದೇ ಹೊತ್ತಿಗೆ ನೋಡುವುದು ಒಳ್ಳೆಯದು. ಹಿತ್ತಾಳೆಯ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ ಅಗ್ಗದ ಆರ್ಮುಗಳಲ್ಲಿ ಕಿಡಿ ಆ ರಿವೆಟ್ ದಾರಿಯಾಗಿ ಕೆಳಗಿನ ದಂಡಕ್ಕೇ ಹಾರುವುದುಂಟು. ರಿವೆಟ್ ಇಲ್ಲದ ಆರ್ಮನ್ನೇ ಕೊಳ್ಳಿ.

ಪಾಯಿಂಟಿನ ಅಂತರ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ, ಹಾಗಾಗಿ ಟೈಮಿಂಗ್ ಆಮೇಲೆ. ಎಂಜಿನ್ ನಿಂತಿರುವಾಗ, ಪಿಸ್ಟನ್ ತುತ್ತತುದಿ ಮುಟ್ಟುವುದಕ್ಕೆ 10 ಡಿಗ್ರಿ ಮುಂಚಿತವಾಗಿ ಕಿಡಿ ಹಾರುವಂತೆ ಇಡಬೇಕು. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಡಿಸ್ಟ್ರಿಬ್ಯೂಟರಿನ ಸಣ್ಣ ತಂತಿಯ ಟರ್ಮಿನಲ್ಲಿಗೂ ಅರ್ತ್‌ಗೂ ನಡುವೆ 12 ವೋಲ್ಟಿನ ಬಲ್ಬ್ ಜೋಡಿಸಿ ಇಗ್ನಿಷನ್ ಆನ್ ಮಾಡಿದರೆ, ಪಾಯಿಂಟ್ ತೆರೆದ ಕ್ಷಣಕ್ಕೆ ಸರಿಯಾಗಿ ಬಲ್ಬ್ ಹೊತ್ತಿಕೊಳ್ಳುತ್ತದೆ. ಪುಲ್ಲಿಯ ಗುರುತು 10ಕ್ಕೆ ಬಂದಾಗ ಬಲ್ಬ್ ಹೊತ್ತುವಂತೆ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಬಿಗಿ ಮಾಡಿದರೆ ಕೆಲಸ ಮುಗಿಯಿತು.

ಈಗ ಕಾರ್ಬ್ಯುರೇಟರ್. ನನ್ನ ಕಾರಿನಲ್ಲಿರುವುದು ಎಸ್‌ಯು ಕಂಪನಿಯ ಎಚ್‌ಎಸ್4 ಕಾರ್ಬ್ಯುರೇಟರುಗಳ ಜೋಡಿ. ಮೇಲೆ ಗುಮ್ಮಟ, ಅದರೊಳಗೆ ತನ್ನಷ್ಟಕ್ಕೆ ಏರಿಳಿಯುವ ಪಿಸ್ಟನ್, ಪಿಸ್ಟನ್ನಿನ ಬುಡದಲ್ಲಿ ತುದಿಗೆ ಬರುತ್ತಾ ಸಣ್ಣದಾಗುವ ಸೂಜಿ, ಆ ಸೂಜಿ ಇಳಿಯುವ ಜೆಟ್. ಎಂಜಿನ್ ಹೆಚ್ಚು ಗಾಳಿ ಎಳೆದರೆ ಪಿಸ್ಟನ್ ಮೇಲೇರುತ್ತದೆ, ಸೂಜಿಯೂ ಏರುತ್ತದೆ, ಜೆಟ್ಟಿನ ಬಾಯಿ ಅಷ್ಟು ಹೆಚ್ಚು ತೆರೆದು ಪೆಟ್ರೋಲ್ ಹರಿಯುತ್ತದೆ. ಗಾಳಿಗೆ ತಕ್ಕ ಪೆಟ್ರೋಲನ್ನು ಒಂದೇ ಜೆಟ್ ಎಲ್ಲ ವೇಗದಲ್ಲೂ ಅಳೆದು ಕೊಡುತ್ತದೆ. ಗುಮ್ಮಟದ ತಲೆಯ ಮೇಲಿನ ಬಿರಡೆಯಂಥ ಡ್ಯಾಂಪರ್ ತೆಗೆದು ಎಣ್ಣೆ ಹಾಕುವುದು ಬರೀ ನುಣುಪಿಗಲ್ಲ. ಆಕ್ಸಿಲರೇಟರನ್ನು ಥಟ್ಟನೆ ಒತ್ತಿದಾಗ ಪಿಸ್ಟನ್ ನೆಗೆದು ಮೇಲೇರದಂತೆ ಆ ಎಣ್ಣೆ ತಡೆಯುತ್ತದೆ, ಅಷ್ಟು ಹೊತ್ತು ಜೆಟ್ಟಿನ ಮೇಲೆ ಸೆಳೆತ ಹೆಚ್ಚಿ ಮಿಶ್ರಣ ತುಸು ಗಾಢವಾಗುತ್ತದೆ. ಒತ್ತಿದ ಕೂಡಲೇ ಕಾರು ಒಂದು ಕ್ಷಣ ಮುಗ್ಗರಿಸಿದರೆ ಮೊದಲು ಈ ಎಣ್ಣೆ ಇದೆಯೇ ನೋಡಿ.

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಏರ್ ಕ್ಲೀನರುಗಳನ್ನು ತೆಗೆದಿಡಿ. ಎರಡೂ ಕಾರ್ಬ್ಯುರೇಟರುಗಳನ್ನು ಜೋಡಿಸುವ ಸರಳಿನ ಕ್ಲಾಂಪುಗಳನ್ನು ಸಡಿಲಿಸಿ, ಒಂದು ಇನ್ನೊಂದನ್ನು ಎಳೆಯದಂತೆ ಬಿಡಿ. ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗೆ, ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಗೆ ಹಿಡಿದರೆ ಗಾಳಿ ಒಳನುಗ್ಗುವ ಸುಯ್‌ಗುಟ್ಟುವಿಕೆ ಕೇಳುತ್ತದೆ. ಗಾಳಿ ಅಳೆಯುವ ಮೀಟರುಗಳು ಸಿಗುತ್ತವೆ, ನನಗೆ ಕೊಳವೆಯ ಮೇಲೇ ಹೆಚ್ಚು ನಂಬಿಕೆ. ಕೊಳವೆಯನ್ನು ಎರಡರಲ್ಲೂ ಒಂದೇ ಜಾಗದಲ್ಲಿ ಹಿಡಿಯಬೇಕು. ಹೆಚ್ಚು ಸುಯ್‌ಗುಡುವುದರ ಐಡಲ್ ಸ್ಕ್ರೂವನ್ನು ತುಸು ಸಡಿಲಿಸಿ, ಇನ್ನೊಂದರದ್ದನ್ನು ತುಸು ಒಳಕ್ಕೆ ತಿರುಗಿಸಿ, ಎರಡರ ದನಿಯೂ ಒಂದಾಗುವವರೆಗೆ ಬಿಡಬೇಡಿ.

ಆಮೇಲೆ ಮಿಶ್ರಣ. ಜೆಟ್ಟಿನ ಬುಡದಲ್ಲಿ ಆರು ಮೂಲೆಯ ನಟ್ ಇದೆ. ಮೇಲಕ್ಕೆ ತಿರುಗಿಸಿದರೆ ಮಿಶ್ರಣ ತೆಳು, ಕೆಳಕ್ಕೆ ತಿರುಗಿಸಿದರೆ ಗಾಢ. ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗದಿದ್ದರೆ ಜೆಟ್ಟನ್ನು ಸೇತುವೆಯ (ಪಿಸ್ಟನ್ ಕೆಳಗಿನ ದಿಬ್ಬದ) ಮಟ್ಟಕ್ಕೆ ತಂದು ಅಲ್ಲಿಂದ ಎರಡು ಪೂರ್ಣ ಸುತ್ತು ಇಳಿಸಿ. ಬದಿಯಲ್ಲಿ ಕೆಳಗಿನಿಂದ ಒತ್ತುವ ಪುಟ್ಟ ಪಿನ್ ಪಿಸ್ಟನ್ನನ್ನು ಎತ್ತುತ್ತದೆ. ಅದರಿಂದ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ, 0.8ರಷ್ಟು ಮಾತ್ರ ಎತ್ತಿ, ಎಂಜಿನ್ ಏನು ಹೇಳುತ್ತದೆ ಕೇಳಿ. ವೇಗ ಏರಿ ಏರಿದಲ್ಲೇ ನಿಂತರೆ ಮಿಶ್ರಣ ಗಾಢ. ಕುಸಿದು ನಿಲ್ಲುವಂತಾದರೆ ತೆಳು. ಕ್ಷಣಕಾಲ ಒಂದಿಷ್ಟು ಏರಿ ಮತ್ತೆ ಮೊದಲಿನ ಲಯಕ್ಕೆ ಬಂದರೆ ಸರಿ. ನಟ್ಟನ್ನು ಒಂದು ಸಲಕ್ಕೆ ಒಂದು ಮುಖದಷ್ಟು, ಅಂದರೆ ಸುತ್ತಿನ ಆರನೇ ಒಂದು ಭಾಗ ಮಾತ್ರ ತಿರುಗಿಸಬೇಕು. ತಿರುಗಿಸಿದ ಮೇಲೆ ಎಂಜಿನ್ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಕೊಟ್ಟು, ಬಳಿಕ ಪಿನ್ ಎತ್ತಬೇಕು. ಒಂದನ್ನು ಸರಿಪಡಿಸಿದಾಗ ಇನ್ನೊಂದರ ನಡವಳಿಕೆ ಬದಲಾಗುವುದರಿಂದ ಎರಡರ ನಡುವೆ ಓಡಾಡಬೇಕಾಗುತ್ತದೆ. ಈ ಕೆಲಸಕ್ಕೆ ನಾನು ಗಡಿಯಾರ ನೋಡುವುದಿಲ್ಲ. ಟ್ಯಾಪೆಟ್, ಪಾಯಿಂಟ್, ಟೈಮಿಂಗ್ ಮೊದಲೇ ಮುಗಿದಿರುವುದರಿಂದ ಎಂಜಿನ್ ಕೊಡುವ ಉತ್ತರದಲ್ಲಿ ಗೊಂದಲವೇ ಇರುವುದಿಲ್ಲ.

ಎಷ್ಟು ಮಾಡಿದರೂ ಐಡಲಿಂಗ್ ಒಂದೇ ಸಮನಾಗದಿದ್ದರೆ ಥ್ರಾಟಲಿನ ದಂಡ ಸವೆದು ಅದರ ಸಂದಿಯಿಂದ ಗಾಳಿ ನುಸುಳುತ್ತಿರಬಹುದು. ದಂಡವನ್ನು ಬೆರಳಲ್ಲಿ ಹಿಡಿದು ಅಲುಗಿಸಿದರೆ ಸಡಿಲ ಗೊತ್ತಾಗುತ್ತದೆ. ಅದಕ್ಕೆ ಹೊಸ ದಂಡ ಮತ್ತು ಬುಷ್ ಮಾತ್ರವೇ ಮದ್ದು.

ಕೊನೆಗೆ ಪೆಟ್ರೋಲಿನ ವಿಷಯ, ಇದು ಭಾರತದಲ್ಲಿ ಹಳೆಯ ಅಂಬಾಸಡರ್, ಪದ್ಮಿನಿ ಇಟ್ಟುಕೊಂಡವರಿಗೂ ಸೇರಿದ್ದು. ಇಲ್ಲಿ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ, ಭಾರತದಲ್ಲಿ ಈಗ ಶೇಕಡಾ 20. ಹಳೆಯ ರಬ್ಬರ್ ಪೈಪುಗಳು ಎಥನಾಲಿಗೆ ಮೆತ್ತಗಾಗಿ ಒಳಗಿನಿಂದ ಪುಡಿ ಉದುರಿಸುತ್ತವೆ, ಹೊರಗೆ ಬಿರುಕು ಬಿಡುತ್ತವೆ. ಬಿಸಿ ಎಕ್ಸಾಸ್ಟಿನ ಮೇಲ್ಭಾಗದಲ್ಲೇ ಪೆಟ್ರೋಲ್ ಪೈಪು ಇರುವ ಕಾರಿನಲ್ಲಿ ಇದನ್ನು ನಾಳೆಗೆಂದು ಮುಂದೂಡುವ ಹಾಗಿಲ್ಲ. ಹೊಸ ಪೈಪಿನ ಮೈಮೇಲೆ ಆರ್9 ಎಂಬ ಮುದ್ರೆ ಇದೆಯೇ ಎಂದು ನೋಡಿಕೊಂಡು ಕೊಳ್ಳಿ. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಮಿಶ್ರಣ ತುಸು ತೆಳುವಾಗುತ್ತದೆ, ಪಿನ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು. ಎಂಜಿಬಿಯಲ್ಲಿ ಪೈಪ್ ಬದಲಿಸಿದ ಮೇಲೆ ಕೂಡಲೇ ಸ್ಟಾರ್ಟ್ ಮಾಡಬೇಡಿ, ಇಗ್ನಿಷನ್ ಮಾತ್ರ ಆನ್ ಮಾಡಿ. ಹಿಂದಿರುವ ವಿದ್ಯುತ್ ಪಂಪ್ ಟಕಟಕ ಎನ್ನುತ್ತಾ ಎರಡೂ ಕಾರ್ಬ್ಯುರೇಟರುಗಳ ಪೆಟ್ರೋಲ್ ಬಟ್ಟಲು (ಫ್ಲೋಟ್ ಚೇಂಬರ್) ತುಂಬಿಸಿ ನಿಲ್ಲಬೇಕು. ನಿಲ್ಲದೆ ಬಡಿಯುತ್ತಲೇ ಇದ್ದರೆ ಕೀಲಿ ತೆಗೆದು, ಪ್ರತಿ ಕ್ಲಿಪ್ಪಿನ ಕೆಳಗೂ ಒಣ ಬಟ್ಟೆ ಒತ್ತಿ ಎಲ್ಲಿ ಒದ್ದೆಯಾಗುತ್ತದೆಂದು ನೋಡಿ.