ಸೋಲಿಗರ ಯೋಗಕ್ಷೇಮವನ್ನು ಅಳೆಯುವ ಸೂಚಕಗಳು: ರೂಪಿಸುವ ಬಗೆ

2011ರ ಜನಗಣತಿಯಂತೆ ಕರ್ನಾಟಕದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ ಸುಮಾರು 42.5 ಲಕ್ಷ. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ನಾಯಕ ಸಮುದಾಯದವರು. ಬಿಳಿಗಿರಿರಂಗನ ಬೆಟ್ಟ ಮತ್ತು ಸುತ್ತಲಿನ ಕಾಡುಗಳಲ್ಲಿ ಬಾಳುವ ಬುಡಕಟ್ಟಿನವರಾದ ಸೋಲಿಗರು ನೂರಕ್ಕೆ ಒಬ್ಬರೂ ಆಗುವುದಿಲ್ಲ. ಹೀಗಿರುವಾಗ ‘ಪರಿಶಿಷ್ಟ ಪಂಗಡ’ ಎಂಬ ಒಂದೇ ಕಲಮಿನ ಸರಾಸರಿಯನ್ನು ನೋಡಿ ಬಿಳಿಗಿರಿರಂಗನ ಬೆಟ್ಟದ ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಸ್ಥಿತಿಯನ್ನು ತಿಳಿಯಲು ಸಾಧ್ಯವಿಲ್ಲ. ಆದ್ದರಿಂದ ಸಮುದಾಯದ ಹೆಸರನ್ನೂ ಪೋಡಿನ ಹೆಸರನ್ನೂ ಪ್ರತ್ಯೇಕವಾಗಿ ದಾಖಲಿಸುವ ನಮೂನೆಯನ್ನು ಮೊದಲು ಸಿದ್ಧಪಡಿಸಿಕೊಳ್ಳಬೇಕು.

ನಮೂನೆಯನ್ನು ಹಿಡಿದು ಮನೆಮನೆಗೆ ಹೋಗುವ ಮುನ್ನ ಗ್ರಾಮಸಭೆಯ ಒಪ್ಪಿಗೆ ಪಡೆಯಬೇಕು. 2007ರ ವಿಶ್ವಸಂಸ್ಥೆಯ ಮೂಲನಿವಾಸಿಗಳ ಹಕ್ಕುಗಳ ಘೋಷಣೆ ಒತ್ತಿ ಹೇಳುವ ಮುಕ್ತ, ಪೂರ್ವಭಾವಿ, ತಿಳಿವಳಿಕೆಯುಳ್ಳ ಸಮ್ಮತಿಗೆ ಇಲ್ಲಿ ಸಹಜವಾದ ವೇದಿಕೆಯೆಂದರೆ 2006ರ ಅರಣ್ಯ ಹಕ್ಕು ಕಾಯ್ದೆಯಡಿಯ ಗ್ರಾಮಸಭೆಯೇ. ಯಾರು ಮಾಹಿತಿ ಕೇಳುತ್ತಿದ್ದಾರೆ, ಅದು ಎಲ್ಲಿ ಉಳಿಯುತ್ತದೆ, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ಸಭೆಯಲ್ಲಿ ಬಾಯಿಮಾತಿನಲ್ಲೇ ವಿವರಿಸಬೇಕು. ಯಜಮಾನರೊಬ್ಬರ ಹೆಬ್ಬೆಟ್ಟು ಇಡೀ ಪೋಡಿನ ಸಮ್ಮತಿಯಾಗದು; ಕಾಫಿ ತೋಟದ ಕೆಲಸ ಮುಗಿಸಿ ಬರುವ ಹೆಂಗಸರಿಗೂ ಒದಗುವ ಹೊತ್ತಿನಲ್ಲಿ ಸಭೆ ಸೇರಬೇಕು.

ಸೂಚಕಗಳ ಆಯ್ಕೆಗೇ ಹೆಚ್ಚಿನ ಸಮಯ ಕೊಡಬೇಕು, ಏಕೆಂದರೆ ಏನನ್ನು ಅಳೆಯಬೇಕೆಂದು ತೀರ್ಮಾನಿಸುವ ಅಧಿಕಾರ ಅಳೆಸಿಕೊಳ್ಳುವವರದ್ದೇ ಎಂಬುದು ನನ್ನ ದೃಢವಾದ ನಿಲುವು. ತಾರಸಿ ಮನೆ, ಶೌಚಾಲಯ, ಬ್ಯಾಂಕ್ ಖಾತೆ ಇವೆಲ್ಲ ಬೇಕಾದವೇ. ಆದರೆ ಚೆನ್ನಾಗಿ ಬಾಳುವುದೆಂದರೇನು ಎಂದು ಪೋಡಿನಲ್ಲಿ ಕೇಳಿದರೆ ಮಾತು ಕಾಡಿನ ಕಡೆಗೆ ಹೊರಳುವುದು ಸಹಜ. ಹಿಂದೆ ಸೋಲಿಗರು ಬೇಸಿಗೆಯ ಆರಂಭದಲ್ಲಿ ‘ತರಗು ಬೆಂಕಿ’ ಹಾಕುತ್ತಿದ್ದರು. ಒಣಎಲೆ ಮಾತ್ರ ಮೆಲ್ಲಗೆ ಸುಟ್ಟು ಹೊಸ ಹುಲ್ಲು ಚಿಗುರುತ್ತಿತ್ತು. ಅದು ನಿಂತ ಮೇಲೆ ಲಂಟಾನ ಎಂಬ ಕಳೆಗಿಡ ಹಬ್ಬಿತು, ನೆಲ್ಲಿ ಮರಗಳಿಗೆ ‘ಉಪ್ಪಿಲು’ ಎಂಬ ಬಂದಳಿಕೆ ಹೆಚ್ಚಾಯಿತು ಎಂಬುದು ಅವರ ವಿವರಣೆ. ಈ ತಿಳಿವನ್ನು ನೇರವಾಗಿ ಸೂಚಕವನ್ನಾಗಿ ಮಾಡಬಹುದು: ಕಾಡುಗೆಣಸು ಅಗೆಯಲು ಈಗ ಎಷ್ಟು ದೂರ ನಡೆಯಬೇಕು, ಗುರುತಿಟ್ಟ ನೆಲ್ಲಿ ಮರಗಳಲ್ಲಿ ಎಷ್ಟಕ್ಕೆ ಉಪ್ಪಿಲು ಹಿಡಿದಿದೆ, ಕುಲದ ದೇವರ ತಾಣಕ್ಕೆ ಯಾರ ತಡೆಯೂ ಇಲ್ಲದೆ ಹೋಗಿಬರಲು ಸಾಧ್ಯವೇ, ಮೊಮ್ಮಕ್ಕಳು ಸೋಲಿಗ ನುಡಿಯಲ್ಲಿ ಉತ್ತರಿಸುತ್ತಾರೆಯೇ? 2011ರಲ್ಲಿ ಇಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆತಿರುವುದರಿಂದ, ಹಕ್ಕುಪತ್ರ ಇದೆಯೇ ಎಂದು ಕೇಳಿ ಬಿಡದೆ, ಕಳೆದ ಹಂಗಾಮಿನಲ್ಲಿ ಆ ಹಕ್ಕನ್ನು ಚಲಾಯಿಸಲು ಆಯಿತೇ ಎಂದೂ ಕೇಳಬೇಕು. ನ್ಯೂಜಿಲೆಂಡಿನ ಅಂಕಿಅಂಶ ಇಲಾಖೆ 2013ರಲ್ಲಿ ಆರಂಭಿಸಿದ ‘ತೆ ಕುಪೆಂಗಾ’ ಸಮೀಕ್ಷೆ ಮಾವೊರಿ ಜನರ ಭಾಷೆ, ಆಚರಣೆ, ಬಂಧುತ್ವಗಳನ್ನೂ ಅಳೆಯುತ್ತದೆ. ಇಂಥ ಪ್ರಶ್ನೆಗಳನ್ನು ಅಧಿಕೃತ ಸಮೀಕ್ಷೆಯಲ್ಲಿ ಕೇಳಬಹುದೆಂಬುದಕ್ಕೆ ಅದೇ ನಿದರ್ಶನ.

ಆದಾಯದ ಪ್ರಶ್ನೆಯಲ್ಲಿ ವಿಶೇಷ ಎಚ್ಚರ ಬೇಕು. ಜೇನು ಬೇಸಿಗೆಯಲ್ಲಿ, ನೆಲ್ಲಿ ಚಳಿಗಾಲದಲ್ಲಿ, ಕೂಲಿ ಸಿಕ್ಕಾಗ. ಹೀಗಿರುವ ಮನೆಯಲ್ಲಿ ‘ತಿಂಗಳ ಆದಾಯ’ ಕೇಳಿದರೆ ಸಿಗುವ ಸಂಖ್ಯೆಗೆ ಅರ್ಥವಿಲ್ಲ. ಬದಲಿಗೆ ಹಂಗಾಮಿನ ಪಟ್ಟಿಯನ್ನು ಮುಂದಿಟ್ಟು, ಯಾವ ತಿಂಗಳುಗಳಲ್ಲಿ ಊಟಕ್ಕೆ ಸಾಲ ಮಾಡಬೇಕಾಯಿತು ಎಂದು ಕೇಳಬೇಕು. ಮಾಹಿತಿ ಸಂಗ್ರಹಿಸುವವರು ಪೋಡಿನ ಯುವಕ ಯುವತಿಯರೇ ಆಗಿದ್ದು, ಅವರಿಗೆ ತರಬೇತಿಯೂ ತಕ್ಕ ಸಂಭಾವನೆಯೂ ಸಿಗಬೇಕು.

ಪ್ರಕಟಣೆಯ ವಿಷಯದಲ್ಲಿ ಎರಡು ನಿಯಮಗಳನ್ನು ಮುರಿಯಲೇಬಾರದು. ದೇವರ ತಾಣಗಳ ನಿಖರ ಸ್ಥಾನವನ್ನು ಗ್ರಾಮಸಭೆ ಒಪ್ಪದ ಹೊರತು ನಕ್ಷೆಯಲ್ಲಿ ಹಾಕಕೂಡದು. ಸೋಲಿಗರಲ್ಲಿ ವಂಶಪಾರಂಪರ್ಯವಾಗಿ ಬರುವ ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್) ಕಂಡುಬರುವುದರಿಂದ ಆರೋಗ್ಯದ ಮಾಹಿತಿ ಅತ್ಯಗತ್ಯ. ಆದರೂ ಕೆಲವೇ ಮನೆಗಳಿರುವ ಪೋಡಿನ ಹೆಸರಿನೊಂದಿಗೆ ಆ ಸಂಖ್ಯೆಯನ್ನು ಅಚ್ಚು ಹಾಕಿದರೆ ಯಾರ ಮನೆಯೆಂದು ಎಲ್ಲರಿಗೂ ತಿಳಿಯುತ್ತದೆ, ಹೆಣ್ಣುಮಕ್ಕಳ ಮದುವೆಯ ಮಾತುಕತೆಗೂ ಅಡ್ಡಿಯಾಗುತ್ತದೆ. ಅಂಥ ಅಂಕಿಗಳನ್ನು ಹಲವು ಪೋಡುಗಳನ್ನು ಸೇರಿಸಿಯೇ ಕೊಡಬೇಕು.

ವರದಿ ಇಲಾಖೆಗೆ ತಲುಪುವ ಮುನ್ನ ಗ್ರಾಮಸಭೆಯಲ್ಲಿ ಓದಿ ಹೇಳಿ, ತಿದ್ದುಪಡಿಗಳನ್ನು ಬರೆದುಕೊಂಡು, ಒಂದು ಪ್ರತಿಯನ್ನು ಅರಣ್ಯ ಹಕ್ಕು ಸಮಿತಿಯ ಕಡತದಲ್ಲಿ ಇಡಬೇಕು. ಮುಂದಿನ ಸುತ್ತಿನಲ್ಲಿ ಅದೇ ಹಂಗಾಮಿನಲ್ಲಿ, ಅದೇ ನೆಲ್ಲಿ ಮರಗಳ ಬಳಿ, ಅದೇ ಪ್ರಶ್ನೆಗಳನ್ನು ಕೇಳಿದರೆ ಮಾತ್ರ ಎರಡು ಸುತ್ತುಗಳ ಅಂಕಿಗಳನ್ನು ಹೋಲಿಸಲು ಬರುತ್ತದೆ.