ಹಸುಗೂಸಿನಲ್ಲೇ ಪ್ರೇಡರ್-ವಿಲ್ಲಿ ಗುರುತಿಸುವುದು ಹೇಗೆ?

ಕೋಲಾರದ ಕಡೆ ಸೊರಗಿದ್ದ ಕೂಸು ಮೈತುಂಬಿಕೊಂಡರೆ ಮನೆಗೆಲ್ಲ ಖುಷಿ. ಕೂಸಿನಲ್ಲಿ ಮೈ ಸಡಿಲವಾಗಿಸಿ, ಮುಂದೆ ತೀರದ ಹಸಿವು, ಬೊಜ್ಜು ತರುವ ಹುಟ್ಟು ಜೀನ್ ದೋಷವಾದ ಪ್ರೇಡರ್-ವಿಲ್ಲಿ ಸಿಂಡ್ರೋಮ್ ಕಣ್ತಪ್ಪುವುದು ಅಲ್ಲೇ. ತೂಕ ಏರುವವರೆಗೆ ಕಾಯಬೇಡಿ.

ಕಂಕುಳಿಗೆ ಕೈಕೊಟ್ಟು ಮೆಲ್ಲಗೆ ಎತ್ತಿ: ಕೂಸು ಕೈಯಿಂದ ಜಾರುತ್ತದೆ. ಹೊಟ್ಟೆಯಡಿ ಅಂಗೈಯಿಟ್ಟು ಹಿಡಿದರೆ ತಲೆ, ಕೈಕಾಲು ಒದ್ದೆ ಟವೆಲಿನಂತೆ ಇಳಿಬೀಳುತ್ತವೆ. ಅಳು ಕ್ಷೀಣ. ಮೊಲೆ ಚೀಪಲು ತ್ರಾಣವಿಲ್ಲ, ಒಳಲೆಯಲ್ಲಿ ಹಾಕಿದ ಹಾಲೂ ಕಟವಾಯಲ್ಲಿ ಸೋರುತ್ತದೆ. ಗಂಡುಮಗುವಾದರೆ ವೃಷಣ ಚೀಲಕ್ಕೆ ಇಳಿದಿದೆಯೇ ಮುಟ್ಟಿ ನೋಡಿ; ಇವರಲ್ಲಿ ಬಹುಪಾಲು ಇಳಿದಿರುವುದಿಲ್ಲ. ಬಾದಾಮಿ ಕಣ್ಣು, ತೆಳು ಮೇಲ್ದುಟಿ, ಪುಟ್ಟ ಕೈ-ಪಾದ ನಿಧಾನಕ್ಕೆ ಎದ್ದು ಕಾಣುತ್ತವೆ. ತೂಕ ಏರುವುದು ಸುಮಾರು 2 ವರ್ಷದ ನಂತರ. ಮುದ್ದೆ ಉಂಡೆದ್ದ ಮೇಲೂ ಪಾತ್ರೆ ತಡಕಾಡಿಸುವ ಹಸಿವು ಇನ್ನೂ ತಡ.

ಕೇಳಬೇಕಾದ್ದು ಡಿಎನ್‌ಎ ಮೆಥೈಲೇಷನ್ (ಜೀನ್‌ಗಳ ಮೇಲಿನ ರಾಸಾಯನಿಕ ಗುರುತು) ಪರೀಕ್ಷೆ, ಶೇ. 99ಕ್ಕೂ ಹೆಚ್ಚು ಪ್ರಕರಣ ಅದರಲ್ಲಿ ಸಿಗುತ್ತವೆ. ಕ್ಯಾರಿಯೋಟೈಪ್ (ಕ್ರೋಮೋಸೋಮುಗಳ ಎಣಿಕೆ, ಆಕಾರ ನೋಡುವ ಪರೀಕ್ಷೆ) ನಾರ್ಮಲ್ ಬಂತೆಂದು ದಯವಿಟ್ಟು ಸುಮ್ಮನಾಗಬೇಡಿ. 15ನೇ ಕ್ರೋಮೋಸೋಮಿನ ಎರಡೂ ಪ್ರತಿ ತಾಯಿಯಿಂದಲೇ ಬಂದಿದ್ದರೆ ಎಣಿಕೆ ಸರಿಯಾಗೇ ಇರುತ್ತದೆ, ತಂದೆಯ ಭಾಗ ಇಲ್ಲದ್ದು ಅಲ್ಲಿ ಕಾಣದು.

ಮೊದಲು ಜಿಲ್ಲಾಸ್ಪತ್ರೆಯ ಮಕ್ಕಳ ತಜ್ಞರಿಗೆ ತೋರಿಸಿ, ಅವರ ಚೀಟಿಯೊಂದಿಗೆ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಹೋಗಿ. ತಾಯಿ ಕಾರ್ಡ್, ಅಂಗನವಾಡಿಯ ತೂಕದ ದಾಖಲೆ ಜೊತೆಗಿರಲಿ.