ಕಾರೊ-ಕಾನ್ ಕಲಿಯಲು ಯಾವ ಪುಸ್ತಕ ಕೊಳ್ಳಬೇಕು?

ಚೆಸ್‌ನಲ್ಲಿ ಬಿಳಿ ಮೊದಲ ನಡೆಗೆ ಪಾನ್ (ಕಾಲಾಳು) ಅನ್ನು ಇ4 ಮನೆಗೆ ತಳ್ಳಿದಾಗ ಕಪ್ಪು ತನ್ನ ಪಾನ್ ಅನ್ನು ಸಿ6ಕ್ಕೆ ತಳ್ಳಿ ಉತ್ತರಿಸುವುದೇ ಕಾರೊ-ಕಾನ್ ಡಿಫೆನ್ಸ್. ಇದನ್ನು ಕಲಿಯಲು ಹೊರಟವರ ಚೀಲದಲ್ಲಿ ದಿಂಬಿನಷ್ಟು ದಪ್ಪ ಪುಸ್ತಕ, ಫೋನಿನಲ್ಲಿ ಮೂರು ವಿಡಿಯೊ ಕೋರ್ಸ್. ಟೂರ್ನಿಗೆ ಕೂತರೆ ಹತ್ತು ನಡೆಯೊಳಗೇ ಬಿಷಪ್ (ಒಂಟೆ) ಮಂಗಮಾಯ!

ಮೊದಲು ಕಾಸಿಲ್ಲದ ಕೆಲಸ ಮಾಡಿ. ಲಿಚೆಸ್ ಎಂಬ ಉಚಿತ ಚೆಸ್ ತಾಣದಲ್ಲಿ, ಯಾವ ಆರಂಭದ ನಡೆಯನ್ನು ಎಷ್ಟು ಜನ ಆಡಿದ್ದಾರೆಂದು ತೋರಿಸುವ ಓಪನಿಂಗ್ ಎಕ್ಸ್‌ಪ್ಲೋರರ್‌ ತೆರೆದು, ನಿಮ್ಮ ರೇಟಿಂಗ್‌ನವರ ಆಟಗಳನ್ನಷ್ಟೇ ಆರಿಸಿ, ಎರಡನೇ ನಡೆಯಲ್ಲಿ ಡಿ4 ಡಿ5 ಆದಮೇಲೆ ಬಿಳಿಯವರು ಹೆಚ್ಚಾಗಿ ಏನಾಡುತ್ತಾರೆಂದು ಬರೆದಿಟ್ಟುಕೊಳ್ಳಿ.

ಆಮೇಲೆ ಪುಸ್ತಕದ ಪರೀಕ್ಷೆ. ಎಲ್ಲರೂ ಎಡವುವುದು ಇಲ್ಲೇ. ಹಿಂಬದಿಯ ಹೊಗಳಿಕೆ ಓದಬೇಡಿ. ನೇರವಾಗಿ ಅಡ್ವಾನ್ಸ್ ವೇರಿಯೇಷನ್‌ನ ಅಧ್ಯಾಯ ತೆಗೆಯಿರಿ. ಬಿಳಿ ಮೂರನೇ ನಡೆಯಲ್ಲಿ ಪಾನ್ ಅನ್ನು ಇ5ಕ್ಕೆ ತಳ್ಳುತ್ತದೆ, ಕಪ್ಪು ಬಿಷಪ್ ಎಫ್5ಕ್ಕೆ ಬರುತ್ತದೆ. ಈಗ ಬಿಳಿ ಎಚ್4. 1961ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೋಟ್ವಿನಿಕ್ ಎದುರು ತಾಲ್ ಆಡಿದ ನಡೆ ಇದು. ಕಪ್ಪು ಆಡುವವರ ಕೈ ತಾನಾಗಿ ಇ6ಕ್ಕೆ ಹೋಗುತ್ತದೆ. ಹೋದರೆ ಕೆಟ್ಟಿರಿ: ಜಿ4, ಬಿಷಪ್ ಇ4, ಎಫ್3, ಬಿಷಪ್ ಜಿ6, ಎಚ್5. ಬಿಷಪ್‌ಗೆ ಓಡಲು ಮನೆಯೇ ಇಲ್ಲ. ಅದಕ್ಕೇ ಕಪ್ಪು ಮೊದಲು ಎಚ್5 ಅಥವಾ ಎಚ್6 ಆಡಿಕೊಳ್ಳುವುದು. ಇಷ್ಟನ್ನು ಪುಸ್ತಕ ಮಾತಿನಲ್ಲಿ ಬಿಡಿಸಿ ಹೇಳಿದೆಯೇ? ಸಿ5 ಯಾವಾಗ ತಳ್ಳಬೇಕು, ರಾಜನ ಕಡೆಯ ಕುದುರೆ ಎಫ್6ರ ಬದಲು ಇ7ಕ್ಕೆ ಏಕೆ ಹೋಗುತ್ತದೆ ಎಂದು ವಿವರಿಸಿದೆಯೇ? ಬರೀ ನಡೆಗಳ ಸಾಲು, ಕೊನೆಗೊಂದು ಚೆಸ್ ಎಂಜಿನ್ (ಕಂಪ್ಯೂಟರ್) ಕೊಟ್ಟ ಅಂಕಿ ಇದ್ದರೆ ಅಲ್ಲೇ ಇಟ್ಟು ಬನ್ನಿ. ಆ ಗಿಳಿಪಾಠ ಎದುರಾಳಿ ದಾರಿ ತಪ್ಪಿಸಿದ ಕ್ಷಣಕ್ಕೇ ಮುಗಿಯಿತು.

ಬಿಳಿ ಮೂರನೇ ನಡೆಯಲ್ಲಿ ಡಿ5ರ ಪಾನ್ ಹೊಡೆಯುವ ಎಕ್ಸ್‌ಚೇಂಜ್ ವೇರಿಯೇಷನ್‌ಗೆ ಅರ್ಧ ಪುಟ ಕೊಟ್ಟು 'ಸಮಬಲ' ಎಂದು ಕೈತೊಳೆದುಕೊಂಡ ಪುಸ್ತಕವೂ ಬೇಡ. ಅಲ್ಲಿ ಸಿ ಸಾಲಿಗೆ ಆನೆ ತಂದು, ಬಿ ಪಾನ್ ಅನ್ನು ಬಿ5, ಬಿ4 ಎಂದು ನುಗ್ಗಿಸುವುದೇ ಕಪ್ಪಿನ ಮುಖ್ಯ ಯೋಜನೆ. ಅದನ್ನೇ ಹೇಳದ ಮೇಲೆ ಇನ್ನೇನು ಹೇಳುತ್ತಾರೆ?

ಅಂದಹಾಗೆ, 'ಹತ್ತೇ ನಿಮಿಷದಲ್ಲಿ ಕಾರೊ-ಕಾನ್' ವಿಡಿಯೊಗಳಲ್ಲಿ ಎದುರಾಳಿ ಸದಾ ಪೆದ್ದ. ಟೆಲಿಗ್ರಾಂನಲ್ಲಿ ಸಿಗುವ ಕದ್ದ ಪಿಡಿಎಫ್‌ನಲ್ಲಿ ನನಗೆ ಬೇಕಾಗಿದ್ದ ಪುಟದ ಚಿತ್ರಗಳೇ ಅಳಿಸಿಹೋಗಿದ್ದವು.

ಒಂದೇ ಪುಸ್ತಕ ಸಾಕು, ಎರಡನೆಯದು ಗೊಂದಲಕ್ಕೆ. ಜೊತೆಗೆ ಮಾಜಿ ವಿಶ್ವ ಚಾಂಪಿಯನ್ ಕಾರ್ಪೋವ್ ಕಪ್ಪು ಕಾಯಿ ಹಿಡಿದು ಕಾರೊ-ಕಾನ್ ಆಡಿದ ಹತ್ತು ಆಟ ಆರಿಸಿ, ಫೋನ್ ಬದಿಗಿಟ್ಟು, ಮರದ ಬೋರ್ಡಿನ ಮೇಲೆ ಆಡಿ ನೋಡಿ. ನೀವು ಸೋತ ಆಟಗಳನ್ನು ಲಿಚೆಸ್‌ನ ಟಿಪ್ಪಣಿ ಪುಸ್ತಕದಂಥ 'ಸ್ಟಡಿ'ಯಲ್ಲಿ ಹಾಕಿ, ಪುಸ್ತಕದ ದಾರಿ ಬಿಟ್ಟ ನಡೆಗೆ ಗುರುತು ಮಾಡಿ. ಮುಂದಿನ ಸಲ ಪುಸ್ತಕ ತೆರೆಯಬೇಕಾದ ಪುಟ ಅದೇ.